ಇಸ್ಫಹಾನಿನ ಒಂದು ಮಸೀದಿ

ಬಾನುಲಿಯಲ್ಲಿ ಬಣ್ಣದ ವಿಷಯ ಮಾತನಾಡುವುದು ಒಂದು ಬಗೆಯ ಸಾಹಸವೇ ಸರಿ. ಸಂಗೀತವಾದರೆ ಕೇಳಿಸಬಹುದು, ಕಾವ್ಯವಾದರೆ ಓದಬಹುದು. ನೀಲಿಯನ್ನು ಏನು ಮಾಡೋಣ? ಆದರೂ ಇಂದು ನನ್ನ ಪಾಲಿಗೆ ಬಂದ ಹೊತ್ತನ್ನು ಆ ನೀಲಿಗೆ, ಅದರ ಜೊತೆಗೆ ಹಾಲುಕೆನೆಯ ಬಣ್ಣದ ಒಂದು ಗುಮ್ಮಟಕ್ಕೆ ಮೀಸಲಿಡಬೇಕೆಂದಿದ್ದೇನೆ.

ಆ ಗುಮ್ಮಟ ಇರುವುದು ಇರಾನಿನ ಇಸ್ಫಹಾನ್ ನಗರದಲ್ಲಿ, ಶೇಖ್ ಲುತ್ಫುಲ್ಲಾ ಮಸೀದಿಯ ಮೇಲೆ. 1603ರ ಸುಮಾರಿಗೆ ಅದರ ಕೆಲಸ ಮೊದಲಾಯಿತು, 1619ರ ಹೊತ್ತಿಗೆ ಮುಗಿಯಿತು. ಪರ್ಷಿಯಾದಲ್ಲಿ ಇದಕ್ಕಿಂತ ದೊಡ್ಡ ಮಸೀದಿಗಳು, ಇದಕ್ಕಿಂತ ಹಳೆಯ ಮಸೀದಿಗಳು ಬೇಕಾದಷ್ಟಿವೆ. ಇದನ್ನೇ ನಾನು ಆರಿಸಿಕೊಂಡುದಕ್ಕೆ ಕಾರಣ ನನ್ನ ಸ್ವಂತದ್ದು. ನನ್ನೊಳಗೆ ಬಹುಕಾಲದಿಂದ ಬೇರುಬಿಟ್ಟಿದ್ದ ಒಂದು ಪೂರ್ವಗ್ರಹ ಈ ಕಟ್ಟಡದ ಒಳಗೆ ಮುರಿಯಿತು. ಪೂರ್ತಿ ಮುರಿಯಿತೇ ಎಂಬ ಬಗ್ಗೆ ನನಗೆ ಈಗಲೂ ಅನುಮಾನವಿದೆ. ಅದನ್ನು ಮುಂದೆ ಹೇಳುತ್ತೇನೆ.

ನಾನು ಹಳೇಬೀಡಿನ ಸಮೀಪದವನು. ಆ ಕಡೆಯಲ್ಲಿ ಬೆಳೆದವರಿಗೆ ಗೋಡೆ ಎಂದರೆ ಅದರ ಮೇಲೆ ಯಾರಾದರೂ ಇರಲೇಬೇಕು. ಕೆಳಗೆ ಆನೆಯ ಸಾಲು, ಅದರ ಮೇಲೆ ಸಿಂಹ, ಕುದುರೆ ಸವಾರರು, ರಾಮಾಯಣ ಭಾರತಗಳ ಕಥೆ, ಅವೆಲ್ಲಕ್ಕೂ ಮೇಲೆ ದೇವತೆಗಳು. ಸಾಲುಸಾಲಿನ ನಡುವೆ ಬಳ್ಳಿಯ ಪಟ್ಟಿಕೆಯೂ ಉಂಟು, ಬಹಳ ಚೆಲುವಾದದ್ದೇ. ಆದರೆ ಅದನ್ನು ನಿಂತು ನೋಡುವವರು ಯಾರು? ಸೀರೆಗೆ ಅಂಚಿದ್ದ ಹಾಗೆ ಅದು ಇರುತ್ತದೆ. ಕಣ್ಣು ಅದನ್ನು ದಾಟಿ ಮೂರ್ತಿಗೆ ಹೋಗುತ್ತದೆ. ಮುಂದೆ ಉದ್ಯೋಗದ ನೆವದಿಂದ ನಾನು ಬೀದರಿಗೆ ಹೋದೆ, ಅಲ್ಲಿ ಹಲವು ವರ್ಷ ಪಾಠ ಹೇಳಿದೆ. ದಿನವೂ ಮಹಮೂದ ಗಾವಾನನ ಮದರಸಾದ ಮುಂದೆ ನಡೆದುಹೋಗುತ್ತಿದ್ದೆ. ಕಾಸ್ಪಿಯನ್ ಕಡಲ ತಡಿಯ ಗೀಲಾನಿನಿಂದ ಬಂದು ಬಹಮನಿ ರಾಜ್ಯದ ಮಂತ್ರಿಯಾದ ಗಾವಾನ 1472ರಲ್ಲಿ ಕಟ್ಟಿಸಿದ ವಿದ್ಯಾಶಾಲೆ ಅದು. ಹದಿನೇಳನೆಯ ಶತಮಾನದ ಕೊನೆಯಲ್ಲಿ ಅದರ ಮುಂಭಾಗದ ಅರ್ಧ ಹಾಳಾಯಿತು. ಉಳಿದ ಮಿನಾರಿನ ಮೇಲೆ ಅಂಕುಡೊಂಕಾದ ಗೆರೆಗಳಲ್ಲಿ ಬಣ್ಣದ ಹೆಂಚಿನ ಬಿಲ್ಲೆಗಳು ಇನ್ನೂ ಅಲ್ಲಲ್ಲಿ ಅಂಟಿಕೊಂಡಿವೆ. ಚೆನ್ನಾಗಿದೆ ಎಂದುಕೊಳ್ಳುತ್ತಿದ್ದೆ, ಜಮಖಾನೆ ಚೆನ್ನಾಗಿದೆ ಎನ್ನುವ ಹಾಗೆ. ಮೂರ್ತಿಯಿಲ್ಲದ ಅಲಂಕಾರ ಎಷ್ಟಾದರೂ ಅಲಂಕಾರವೇ, ಅದಕ್ಕೆ ಅರ್ಥವೆಂಬುದಿಲ್ಲ ಎಂಬುದು ನನ್ನ ಮತವಾಗಿತ್ತು.

ನಮ್ಮ ಬೀದಿಯಲ್ಲಿ ಬಿದರಿ ಕೆಲಸದ ವೃದ್ಧರೊಬ್ಬರಿದ್ದರು. ಎಲ್ಲರೂ ಅವರನ್ನು ಉಸ್ತಾದರು ಎನ್ನುತ್ತಿದ್ದರು. ಸತುವಿಗೆ ತಾಮ್ರ ಬೆರೆಸಿ ಎರಕ ಹೊಯ್ದ ಹೂಜಿಯ ಮೇಲೆ ಬಳ್ಳಿ ಕೊರೆದು, ಕೊರೆದ ಗೀರಿಗೆ ಬೆಳ್ಳಿ ತುಂಬಿ, ಕೊನೆಗೆ ಕೋಟೆಯ ಮಣ್ಣಿನಿಂದ ಅದನ್ನು ಕಪ್ಪು ಮಾಡುವ ಕೆಲಸ ಅದು. ಒಂದು ದಿನ ಅವರ ಪಕ್ಕದಲ್ಲಿ ಕುಳಿತು, ಬೆಳ್ಳಿಯ ಹೂವನ್ನು ಹೊಗಳಿದೆ. ಅವರು ತಲೆ ಎತ್ತದೆ, “ಹೂವು ಯಾರಾದರೂ ಬರೀತಾರೆ ಸರ. ಹೂವಿನ ನಡುವೆ ಕರಿ ಜಾಗ ಎಷ್ಟು ಬಿಡಬೇಕು ಅನ್ನೋದು ನೋಡ್ರಿ” ಎಂದರು. ಆ ಮಾತು ನನಗೆ ಆಗ ತಿಳಿಯಲಿಲ್ಲ. ಇಸ್ಫಹಾನಿಗೆ ಹೋದಾಗ ಅದು ನೆನಪಿಗೆ ಬಂತು.

ಸಫವಿ ವಂಶದ ಮೊದಲನೆಯ ಷಾ ಅಬ್ಬಾಸ್ ತನ್ನ ರಾಜಧಾನಿಯನ್ನು ಕಜ್ವೀನಿನಿಂದ ಇಸ್ಫಹಾನಿಗೆ ತಂದದ್ದು 1598ರಲ್ಲಿ. ಹಳೆಯ ಊರಿನ ಪಕ್ಕದಲ್ಲಿ ಅವನೊಂದು ಹೊಸ ಮೈದಾನ ಮಾಡಿಸಿದ. ಉದ್ದ ಸುಮಾರು 560 ಮೀಟರು, ಅಗಲ 160. ಅದಕ್ಕೆ ನಕ್ಷ್-ಎ-ಜಹಾನ್, ಜಗತ್ತಿನ ಚಿತ್ರ ಎಂದು ಹೆಸರು. ಸುತ್ತಲೂ ಎರಡಂತಸ್ತಿನ ಕಮಾನುಗಳ ಸಾಲು. ಉತ್ತರಕ್ಕೆ ಬಜಾರಿನ ಹೆಬ್ಬಾಗಿಲು. ಪಶ್ಚಿಮಕ್ಕೆ ಆಲಿ ಕಾಪು ಎಂಬ ಅರಮನೆ. ದಕ್ಷಿಣಕ್ಕೆ 1611ರಲ್ಲಿ ಆರಂಭವಾದ ಷಾ ಮಸೀದಿ, ಈಗ ಅದನ್ನು ಇಮಾಮ್ ಮಸೀದಿ ಎನ್ನುತ್ತಾರೆ. ಪೂರ್ವಕ್ಕೆ, ಅರಮನೆಗೆ ಸರಿಯಾಗಿ ಎದುರಿನಲ್ಲಿ, ನಾನು ಹೇಳುತ್ತಿರುವ ಮಸೀದಿ. ವ್ಯಾಪಾರ, ರಾಜ್ಯ, ಧರ್ಮ ಮೂರೂ ಒಂದೇ ಅಂಗಳದ ಸುತ್ತ ಕುಳಿತಿವೆ. ಅಬ್ಬಾಸನ ಕಾಲದಲ್ಲಿ ಆ ಅಂಗಳದಲ್ಲಿ ಪೋಲೋ ಆಡುತ್ತಿದ್ದರು. ಕಲ್ಲಿನ ಗೋಲುಕಂಬಗಳು ಇಂದಿಗೂ ನಿಂತಿವೆ. 1979ರಲ್ಲಿ ಯುನೆಸ್ಕೊ ಸಂಸ್ಥೆ ಈ ಮೈದಾನವನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು.

ಪರ್ಷಿಯಾದ ದೊಡ್ಡ ಮಸೀದಿಗಳಿಗೆ ಒಂದು ರೂಢಿಯ ವಿನ್ಯಾಸವಿದೆ. ನಡುವೆ ತೆರೆದ ಅಂಗಳ, ಅಂಗಳದ ನಾಲ್ಕು ಕಡೆಗೂ ಇವಾನ್ ಎಂಬ ಒಂದೊಂದು ಎತ್ತರವಾದ ಕಮಾನಿನ ಮಂಟಪ, ಮಕ್ಕಾದ ಕಡೆಯ ಇವಾನಿನ ಹಿಂದೆ ಗುಮ್ಮಟ. ಇಸ್ಫಹಾನಿನ ಹಳೆಯ ಜಾಮಿ ಮಸೀದಿ ಹನ್ನೆರಡನೆಯ ಶತಮಾನದಲ್ಲೇ ಈ ರೂಪಕ್ಕೆ ಬಂದಿತ್ತು. ಅಲ್ಲಿ 1088ರಲ್ಲಿ ಕಟ್ಟಿದ ಒಂದು ಚಿಕ್ಕ ಗುಮ್ಮಟವಿದೆ. ಬಣ್ಣದ ಸೋಂಕಿಲ್ಲದ ಬರಿಯ ಇಟ್ಟಿಗೆಯ ಕೆಲಸ. ಅದನ್ನು ನೋಡಿದವರು ಪರ್ಷಿಯಾದ ವಾಸ್ತುವಿಗೆ ಬಣ್ಣವೇ ಬೇಡವಾಗಿತ್ತೆಂದು ವಾದಿಸಿದರೆ ನಾನಂತೂ ಜಗಳಕ್ಕೆ ಹೋಗಲಾರೆ.

ಶೇಖ್ ಲುತ್ಫುಲ್ಲಾ ಮಸೀದಿಗೆ ಈ ರೂಢಿ ಅನ್ವಯಿಸುವುದಿಲ್ಲ. ಇದಕ್ಕೆ ಅಂಗಳವಿಲ್ಲ, ಇವಾನುಗಳ ಪರಿವಾರವಿಲ್ಲ. ಎಲ್ಲಕ್ಕಿಂತ ಆಶ್ಚರ್ಯವೆಂದರೆ ಮಿನಾರೇ ಇಲ್ಲ. ಕಾರಣ ಸರಳವಾದದ್ದು. ಊರಿಗೆ ಊರೇ ಸೇರುವ ಮಸೀದಿ ಇದಲ್ಲ. ಬಾಂಗು ಕೊಟ್ಟು ಜನರನ್ನು ಕರೆಯಬೇಕಾಗಿರಲಿಲ್ಲ. ಶೇಖ್ ಲುತ್ಫುಲ್ಲಾ ಎಂಬುವನು ಇಂದಿನ ಲೆಬನಾನಿಗೆ ಸೇರಿದ ಜಬಲ್ ಆಮಿಲ್ ಸೀಮೆಯಿಂದ ಪರ್ಷಿಯಾಕ್ಕೆ ಬಂದ ವಿದ್ವಾಂಸ. ಷಿಯಾ ಧರ್ಮಶಾಸ್ತ್ರಜ್ಞರನ್ನು ಆದರಿಸುತ್ತಿದ್ದ ಅಬ್ಬಾಸ್ ಅವನನ್ನು ಇಸ್ಫಹಾನಿಗೆ ಕರೆಸಿಕೊಂಡು, ಪಾಠಪ್ರವಚನಗಳಿಗೂ ಪ್ರಾರ್ಥನೆಗೂ ಅನುಕೂಲ ಮಾಡಿಕೊಟ್ಟ. ಹೀಗಾಗಿ ಇದು ಒಂದು ಗುಮ್ಮಟದ ಕೆಳಗಿನ ಒಂದೇ ಒಂದು ಕೋಣೆ. ನಮ್ಮ ಕಡೆಯ ಮಾತಿನಲ್ಲಿ ಹೇಳುವುದಾದರೆ ನವರಂಗ, ಮುಖಮಂಟಪ, ಪ್ರಾಕಾರ ಯಾವುದೂ ಇಲ್ಲದೆ ಗರ್ಭಗುಡಿಯನ್ನಷ್ಟೇ ಕಟ್ಟಿದ ಹಾಗೆ. ಹೋಲಿಕೆ ಪೂರ್ತಿ ಹೊಂದುವುದಿಲ್ಲ. ನಮ್ಮ ಗರ್ಭಗುಡಿ ಕತ್ತಲೆ, ಅಲ್ಲಿಯದು ಬೆಳಕು.

ಈ ಒಂದು ಕೋಣೆಯನ್ನು ಕಟ್ಟಹೊರಟ ಶಿಲ್ಪಿಗೆ ದೊಡ್ಡ ತೊಡಕೊಂದಿತ್ತು. ಮಸೀದಿ ಮಕ್ಕಾದ ಕಡೆಗೆ ಮುಖ ಮಾಡಬೇಕು. ಆ ದಿಕ್ಕಿಗೆ ಕಿಬ್ಲಾ ಎಂದು ಹೆಸರು. ಇಸ್ಫಹಾನಿಗೆ ಮಕ್ಕಾ ನೈಋತ್ಯಕ್ಕಿದೆ. ಮೈದಾನವಾದರೋ ಹೆಚ್ಚುಕಡಿಮೆ ಉತ್ತರ ದಕ್ಷಿಣವಾಗಿ ಹಾಸಿಕೊಂಡಿದೆ. ಮಸೀದಿಯ ಬಾಗಿಲು ಮೈದಾನದ ಗೆರೆಗೆ ಹೊಂದಿ, ಅರಮನೆಗೆ ಎದುರಾಗಿ ನಿಲ್ಲಬೇಕೆಂಬುದು ದೊರೆಯ ಇಚ್ಛೆ. ಕೋಣೆ ಮಕ್ಕಾಕ್ಕೆ ತಿರುಗಿರಬೇಕೆಂಬುದು ಧರ್ಮದ ಕಟ್ಟಳೆ. ಎರಡಕ್ಕೂ ನಡುವೆ ಸುಮಾರು 45 ಡಿಗ್ರಿಯ ವ್ಯತ್ಯಾಸ. ಇಷ್ಟು ಸಾಲದೆಂಬಂತೆ ಬಾಗಿಲು ಪಶ್ಚಿಮಕ್ಕಿದೆ. ಅದರಿಂದ ನೇರವಾಗಿ ಒಳಗೆ ನುಗ್ಗಿದವನಿಗೆ ಮಕ್ಕಾ ಎದುರಿಗಿರುವುದಿಲ್ಲ, ಬೆನ್ನ ಹಿಂದೆ ಓರೆಯಾಗಿರುತ್ತದೆ.

ಷಾ ಮಸೀದಿಯಲ್ಲಿ ಇದೇ ತೊಡಕು ಬಂದಾಗ ಅಲ್ಲಿಯ ಶಿಲ್ಪಿಗಳು ಅದನ್ನು ಮುಚ್ಚಿಡಲಿಲ್ಲ. ಹೆಬ್ಬಾಗಿಲು ಮೈದಾನಕ್ಕೆ ನೆಟ್ಟಗೆ ನಿಲ್ಲುತ್ತದೆ, ಅದರ ಹಿಂದೆ ಇಡೀ ಮಸೀದಿ ಹೆಗಲು ತಿರುಗಿಸಿಕೊಂಡಿರುವುದು ದೂರಕ್ಕೇ ಕಾಣುತ್ತದೆ. ಅದೇ ಒಂದು ವೈಭವ. ಲುತ್ಫುಲ್ಲಾ ಮಸೀದಿಯ ಶಿಲ್ಪಿ ಬೇರೆ ದಾರಿ ಹಿಡಿದ. ಮೆಟ್ಟಿಲೇರಿ, ಜೇನುಗೂಡಿನಂತೆ ಪದರಪದರವಾಗಿ ಇಳಿಬಿದ್ದ ಅರೆಗುಮ್ಮಟದ ಕೆಳಗೆ ನುಸುಳಿ ಒಳಗೆ ಕಾಲಿಟ್ಟರೆ ಎದುರಿಗೆ ಗೋಡೆ. ಎಡಕ್ಕೆ ಒಂದು ಇಕ್ಕಟ್ಟಾದ ಓಣಿ. ಕತ್ತಲೆಯ ಓಣಿ ಎನ್ನಬೇಕು. ಹೊರಗಿನ ಮರುಭೂಮಿಯ ಬಿಸಿಲಿನಿಂದ ಬಂದ ಕಣ್ಣಿಗೆ ಮೊದಮೊದಲು ಏನೂ ಕಾಣುವುದಿಲ್ಲ. ತುಸು ನಡೆದರೆ ಓಣಿ ಬಲಕ್ಕೆ ಹೊರಳುತ್ತದೆ. ಇನ್ನೂ ತುಸು ನಡೆದು ಮತ್ತೊಮ್ಮೆ ಬಲಕ್ಕೆ ತಿರುಗಿದರೆ ಬಾಗಿಲು. ಆ ಬಾಗಿಲಲ್ಲಿ ನಿಂತವನಿಗೆ ಎದುರುಗೋಡೆಯಲ್ಲಿ ಮಿಹರಾಬು, ಅಂದರೆ ಕಿಬ್ಲಾವನ್ನು ತೋರಿಸುವ ಕಮಾನಿನ ಗೂಡು, ಕಣ್ಣಿಗೆ ಸಮನಾಗಿ ಕಾಣುತ್ತದೆ. ತಾನು ಯಾವಾಗ ತಿರುಗಿದೆ, ಎಷ್ಟು ತಿರುಗಿದೆ ಎಂಬುದು ಅವನಿಗೆ ಗೊತ್ತೇ ಆಗಿರುವುದಿಲ್ಲ.

ಈ ಓಣಿಯನ್ನು ಬರಿಯ ಜಾಣತನದ ಲೆಕ್ಕಾಚಾರವೆಂದು ಪುಸ್ತಕದಲ್ಲಿ ಓದಿದ್ದೆ. ನಡೆದು ನೋಡಿದ ಮೇಲೆ ಹಾಗೆನ್ನಲಾರೆ. ಕೆಲವೇ ಹೆಜ್ಜೆಗಳ ದಾರಿ ಅದು. ಆದರೆ ಅಷ್ಟರಲ್ಲಿ ಮೈದಾನದ ಗದ್ದಲ ಹಿಂದೆ ಬೀಳುತ್ತದೆ, ಜಟಕಾ ಕುದುರೆಗಳ ಗೊರಸಿನ ಸದ್ದು ನಿಲ್ಲುತ್ತದೆ, ಕಣ್ಣು ತನ್ನ ಬಿಸಿಲನ್ನು ಕಳೆದುಕೊಳ್ಳುತ್ತದೆ. ಕೋಣೆಯ ಬೆಳಕು ಮಂದವಾದದ್ದು; ನೇರ ಬಿಸಿಲಿನಿಂದ ಒಳಗೆ ಬಂದಿದ್ದರೆ ಅದು ಕತ್ತಲೆಯಂತೆಯೇ ತೋರುತ್ತಿತ್ತು. ಓಣಿಯ ಕತ್ತಲಲ್ಲಿ ನೆನೆದ ಕಣ್ಣಿಗೆ ಅದು ಬೆಳಕಾಗುತ್ತದೆ. ದೊರೆಗೂ ದೇವರಿಗೂ ನಡುವಿನ ಕೋನವನ್ನು ಸರಿಪಡಿಸಲು ಬೇಕಾದ ದಾರಿಯಲ್ಲೇ ಮನುಷ್ಯನ ಕಣ್ಣನ್ನು ಅಣಿಗೊಳಿಸುವ ಕೆಲಸವನ್ನೂ ಶಿಲ್ಪಿ ಮುಗಿಸಿದ್ದಾನೆ.

ಕೋಣೆ ಚೌಕ, ಒಂದೊಂದು ಪಕ್ಕ ಸುಮಾರು 19 ಮೀಟರು. ಚೌಕದ ಮೇಲೆ ದುಂಡನೆಯ ಗುಮ್ಮಟವನ್ನು ಕೂರಿಸುವುದು ಎಲ್ಲ ಕಾಲದ ಕಟ್ಟಡಗಾರರ ತಲೆನೋವು. ಚೌಕದ ಮೂಲೆಗಳನ್ನು ಏನು ಮಾಡಬೇಕು? ಪರ್ಷಿಯನ್ನರು ಬಹು ಹಿಂದೆಯೇ ಕಂಡುಕೊಂಡ ಉಪಾಯವೆಂದರೆ ಮೂಲೆಗೆ ಅಡ್ಡಲಾಗಿ ಕಮಾನು ಹಾಕಿ ಚೌಕವನ್ನು ಎಂಟುಮೂಲೆಯಾಗಿಸುವುದು. ಸಾಮಾನ್ಯವಾಗಿ ಈ ಕಮಾನುಗಳು ಗೋಡೆಯ ಮೇಲಿನ ಅರ್ಧದಲ್ಲಿ ಶುರುವಾಗುತ್ತವೆ. ಇಲ್ಲಿ ಎಂಟು ಕಮಾನುಗಳೂ ನೆಲದ ಬಳಿಯಿಂದಲೇ ಎದ್ದು ನಿಲ್ಲುತ್ತವೆ: ನಾಲ್ಕು ಗೋಡೆಗಳ ಮಧ್ಯೆ, ನಾಲ್ಕು ಮೂಲೆಗಳಲ್ಲಿ. ಒಂದೊಂದು ಕಮಾನಿಗೂ ಹಗ್ಗದಂತೆ ಹುರಿಗೊಂಡ ಹಸಿರುನೀಲಿಯ ದಪ್ಪ ಅಂಚು. ಆ ಹಗ್ಗ ನೆಲದಿಂದ ಹೊರಟು ಕಮಾನಿನ ತುದಿಗೆ ಏರಿ ಮತ್ತೆ ಇಳಿಯುತ್ತದೆ, ಪಕ್ಕದಲ್ಲಿ ಇನ್ನೊಂದು. ನಡುವೆ ನಿಂತವನಿಗೆ ಇದು ಚೌಕವಾದ ಕೋಣೆಯೆಂದು ಅನ್ನಿಸುವುದೇ ಇಲ್ಲ. ಕಮಾನುಗಳ ಮೇಲೆ ಅಕ್ಷರಗಳ ಒಂದು ಪಟ್ಟಿ, ಅದರ ಮೇಲೆ 16 ಕಿಟಕಿಗಳ ಸುತ್ತು, ಅದರ ಮೇಲೆ ಗುಮ್ಮಟ. ಭಾರವೆಲ್ಲ ಕೆಳಗಿಳಿಯುತ್ತಿರುವ ಕಟ್ಟಡದಲ್ಲಿ ಕಣ್ಣು ಮಾತ್ರ ಮೇಲಕ್ಕೇ ಹೋಗುತ್ತದೆ. ನೆಲಮಾಳಿಗೆಯಲ್ಲಿ ಚಳಿಗಾಲದ ಪ್ರಾರ್ಥನೆಗೆಂದು ಮತ್ತೊಂದು ತಗ್ಗಾದ ಕೋಣೆಯಿದೆ. ಅದರ ಬಗ್ಗೆ ಹೇಳುವಂಥದೇನಿಲ್ಲ.

ಇನ್ನು ಗೋಡೆಯ ವಿಷಯ. ಕೈಯಿಡುವಷ್ಟು ಜಾಗವೂ ಖಾಲಿಯಿಲ್ಲದಂತೆ ಬಣ್ಣದ ಬಿಲ್ಲೆಗಳು. ಬಿಲ್ಲೆಗೆ ಪಾರಸಿಯಲ್ಲಿ ಕಾಶಿ ಎಂದು ಹೆಸರು. ನಮ್ಮ ಕಾಶಿಗೂ ಇದಕ್ಕೂ ಸಂಬಂಧವಿಲ್ಲ. ಇಸ್ಫಹಾನಿನ ಉತ್ತರಕ್ಕಿರುವ ಕಾಶಾನ್ ಎಂಬ ಊರು ಈ ಕೆಲಸಕ್ಕೆ ಹೆಸರಾಗಿತ್ತು, ಅದರಿಂದ ಆ ಮಾತು ಬಂತು. ಕಡುನೀಲಿಗೆ ಬೇಕಾದ ಕೋಬಾಲ್ಟ್ ಖನಿಜ ಸಿಗುತ್ತಿದ್ದುದೂ ಅದರ ಬಳಿಯ ಕಮ್ಸರ್ ಎಂಬಲ್ಲಿ. ಹಸಿರುನೀಲಿ ತಾಮ್ರದಿಂದ ಬರುತ್ತದೆ, ಬಿಳಿ ತವರದಿಂದ, ಕಪ್ಪು ಮ್ಯಾಂಗನೀಸಿನಿಂದ.

ಕೆಲಸದಲ್ಲಿ ಎರಡು ಕ್ರಮಗಳುಂಟು. ಹಳೆಯದು ಮೊಅರಕ್, ಎಂದರೆ ತುಂಡು ಜೋಡಣೆ. ಒಂದೊಂದು ಬಿಲ್ಲೆಗೂ ಒಂದೇ ಬಣ್ಣದ ಗಾಜುಮೆರುಗು ಹಚ್ಚಿ, ಆ ಬಣ್ಣ ಎಷ್ಟು ಕಾವಿನಲ್ಲಿ ಅರಳುತ್ತದೆಯೋ ಅಷ್ಟೇ ಕಾವಿನಲ್ಲಿ ಸುಡುತ್ತಾರೆ. ಆಮೇಲೆ ಕಾಗದದ ಮೇಲಿನ ನಕ್ಷೆಯಂತೆ ಎಲೆ, ಹೂವು, ಬಳ್ಳಿಯ ತಿರುವು, ಹಿನ್ನೆಲೆಯ ಚೂರು, ಒಂದೊಂದನ್ನೂ ಉಳಿಯಿಂದ ಕತ್ತರಿಸಿ ಅಂಚು ಉಜ್ಜುತ್ತಾರೆ. ಎಲ್ಲವನ್ನೂ ಬಣ್ಣದ ಮೈ ಕೆಳಗಾಗಿ ನಕ್ಷೆಯ ಮೇಲೆ ಜೋಡಿಸಿ, ಬೆನ್ನಿಗೆ ಗಾರೆ ಹೊಯ್ದು, ಗಟ್ಟಿಯಾದ ಮೇಲೆ ಎತ್ತಿ ಗೋಡೆಗೆ ಕೂರಿಸುತ್ತಾರೆ. ಜೋಡಿಸುವವನು ನೋಡುತ್ತಿರುವುದು ಚಿತ್ರದ ಬೆನ್ನನ್ನು ಎಂಬುದನ್ನು ಗಮನಿಸಬೇಕು. ಎಲೆಯೊಂದು ತಪ್ಪಿದರೆ ಅದು ತಿಳಿಯುವುದು ಫಲಕವನ್ನು ಮಗುಚಿದಾಗಲೇ.

ಎರಡನೆಯದು ಹಫ್ತ್ ರಂಗಿ, ಏಳು ಬಣ್ಣದ ಕೆಲಸ. ಒಂದೇ ಬಿಲ್ಲೆಯ ಮೇಲೆ ಹಲವು ಬಣ್ಣಗಳನ್ನು ಬರೆದು, ಒಂದರ ಮೇಲೊಂದು ಹರಿಯದಂತೆ ನಡುವೆ ಜಿಡ್ಡಿನ ಗೆರೆ ಎಳೆದು, ಒಟ್ಟಿಗೇ ಸುಡುವುದು. ಬೇಗ ಆಗುತ್ತದೆ, ಅಗ್ಗವೂ ಹೌದು. ಆದರೆ ಎಲ್ಲ ಬಣ್ಣಗಳೂ ಒಂದೇ ಕಾವಿಗೆ ಒಪ್ಪಿಕೊಳ್ಳಬೇಕಾದ್ದರಿಂದ ಯಾವ ಬಣ್ಣಕ್ಕೂ ತನ್ನ ಪೂರ್ಣತೆ ಸಿಗುವುದಿಲ್ಲ. ತುಂಡು ಜೋಡಣೆಯಲ್ಲಿ ಇನ್ನೊಂದು ಲಾಭವೂ ಉಂಟು. ಸಾವಿರಾರು ಚೂರುಗಳು ಎಷ್ಟೇ ಸಮನಾಗಿ ಕೂತರೂ ಕೂದಲೆಳೆಯಷ್ಟು ಓರೆಕೋರೆ ಇದ್ದೇ ಇರುತ್ತದೆ. ಬೆಳಕು ಒಂದೊಂದರ ಮೇಲೂ ಒಂದೊಂದು ಬಗೆಯಾಗಿ ಬೀಳುತ್ತದೆ, ಗೋಡೆ ಉಸಿರಾಡುತ್ತಿರುವಂತೆ ತೋರುತ್ತದೆ. ಅವಸರದಲ್ಲಿದ್ದ ಅಬ್ಬಾಸನ ದೊಡ್ಡ ಮಸೀದಿಯಲ್ಲಿ ಬಹುಪಾಲು ಏಳು ಬಣ್ಣದ ಕೆಲಸವೇ. ಈ ಚಿಕ್ಕ ಮಸೀದಿಯಲ್ಲಿ ಎರಡೂ ಇವೆ. ಎರಡನ್ನೂ ಒಂದೇ ಬೆಳಗ್ಗೆ ನೋಡಿದ ನನಗೆ ದೊಡ್ಡದರ ಬಗ್ಗೆ ಗೌರವ ಬಂತು, ಚಿಕ್ಕದರ ಬಗ್ಗೆ ಪ್ರೀತಿ ಹುಟ್ಟಿತು.

ಆದರೆ ಇದು ಕೂಡಲೇ ಆದದ್ದಲ್ಲ. ಮೊದಲ ಅರ್ಧ ಗಂಟೆ ನನಗೆ ಆದದ್ದು ದಣಿವು. ಎಲ್ಲಿ ನೋಡಿದರೂ ಬಳ್ಳಿ. ಹಳೇಬೀಡಿನ ಅಂಚೇ ಇಲ್ಲಿ ಸೀರೆಯಾಗಿಬಿಟ್ಟಿದೆ. ಕಣ್ಣಿಗೆ ಕೂರಲು ಜಾಗವಿಲ್ಲ. ಎದುರಿಗೆ ಬಂದು ಮಾತನಾಡಿಸುವ ಒಂದು ಮುಖವಿಲ್ಲ. ಗೋಡೆಗೆ ಒರಗಿ ನೆಲದ ಮೇಲೆ ಕುಳಿತೆ. ಬೇರೇನೂ ಮಾಡಲು ತೋಚದೆ, ಒಂದೇ ಒಂದು ಬಳ್ಳಿಯನ್ನು ಹಿಡಿದು ಕಣ್ಣಿನಿಂದ ಅದರ ಹಿಂದೆ ಹೋದೆ. ಅದು ಸುರುಳಿ ಸುತ್ತಿತು, ಕವಲೊಡೆಯಿತು, ಬೇರೊಂದು ಬಳ್ಳಿಯ ಅಡಿಯಲ್ಲಿ ನುಸುಳಿ ಆಚೆಗೆ ಬಂತು. ಆಗ ತಿಳಿಯಿತು, ಇಲ್ಲಿರುವುದು ಒಂದು ಬಳ್ಳಿಯ ಜಾಲವಲ್ಲ, ಒಂದರ ಮೇಲೊಂದು ಹಾಸಿದ ಎರಡು ಮೂರು ಜಾಲಗಳು. ಸೀಳೆಲೆಯ ದಪ್ಪ ಬಳ್ಳಿಗೆ ಅವರು ಇಸ್ಲಿಮಿ ಎನ್ನುತ್ತಾರೆ, ಹೂಬಿಡುವ ತೆಳು ಬಳ್ಳಿಗೆ ಖತಾಯಿ. ಖತಾಯಿ ಎಂದರೆ ಚೀನದ್ದು ಎಂದರ್ಥ. ಒಂದು ನಿಧಾನವಾಗಿ ಸುತ್ತುತ್ತದೆ, ಇನ್ನೊಂದು ಚುರುಕಾಗಿ. ಎರಡೂ ತಮ್ಮತಮ್ಮ ಲಯ ಕೆಡಿಸಿಕೊಳ್ಳದೆ ಒಂದನ್ನೊಂದು ದಾಟುತ್ತವೆ. ವಿಳಂಬಕಾಲದ ಕೃತಿಗೆ ಮೃದಂಗದವನು ದುಪ್ಪಟ್ಟು ಕಾಲದಲ್ಲಿ ನುಡಿಸುತ್ತಿದ್ದರೆ ಹೇಗೋ ಹಾಗೆ. ಎರಡರ ನಡುವೆ ಉಳಿಯುವ ನೀಲಿ, ಅದು ಉಳಿದ ಜಾಗವಲ್ಲ, ಬಿಟ್ಟ ಜಾಗ. ಉಸ್ತಾದರು ಹೇಳಿದ ಕರಿ ಜಾಗ.

ಅಷ್ಟು ಕಂಡ ಮೇಲೆ ಅಕ್ಷರಗಳೂ ಕಂಡವು. ಕಡುನೀಲಿಯ ಮೇಲೆ ಬಿಳಿಯ ಸುಲುಸ್ ಲಿಪಿ. ನೆಟ್ಟಗೆ ನಿಂತ ಕಂಬಗಳ ಸಾಲಿನಂತೆ ಮೇಲೇಳುವ ಗೀಟುಗಳು, ಅವುಗಳ ಬುಡದಲ್ಲಿ ದೋಣಿಯಂತೆ ತೇಲುವ ತಿರುವುಗಳು. ಬಳ್ಳಿಗಳ ಲೋಕದಲ್ಲಿ ಸರಳರೇಖೆ ಸಿಗುವುದು ಇಲ್ಲಿ ಮಾತ್ರ. ಪಟ್ಟಿಯ ಹಾಗೆ ಅದು ಇಡೀ ಕೋಣೆಯನ್ನು ಕಟ್ಟಿ ನಿಲ್ಲಿಸಿದೆ. ಹೆಬ್ಬಾಗಿಲಿನ ಶಾಸನವನ್ನೂ ಒಳಗಿನ ಮುಖ್ಯ ಶಾಸನಗಳನ್ನೂ ಬರೆದವನು ಅಲಿ ರೆಜಾ ಅಬ್ಬಾಸಿ, ಆ ಆಸ್ಥಾನದ ಹೆಸರಾಂತ ಲಿಪಿಕಾರ. ಅದೇ ಆಸ್ಥಾನದಲ್ಲಿ ರೆಜಾ ಅಬ್ಬಾಸಿ ಎಂಬ ಚಿತ್ರಕಾರನೂ ಇದ್ದ. ಇಬ್ಬರನ್ನೂ ಒಬ್ಬನೆಂದು ತಿಳಿದವರು ಬಹಳ ಮಂದಿ. ಮೂರನೆಯ ರೆಜಾ ಒಬ್ಬನುಂಟು. ಮಿಹರಾಬಿನ ಗೂಡಿನೊಳಗೆ ಹುಡುಕಿದರೆ ಸಣ್ಣ ಫಲಕದಲ್ಲಿ ಅವನ ಹೆಸರು ಸಿಗುತ್ತದೆ: ಇಸ್ಫಹಾನಿನ ಉಸ್ತಾದ್ ಹುಸೇನನ ಮಗ ಮುಹಮ್ಮದ್ ರೆಜಾ, ಹಿಜರಿ 1028. ದೇವರ ಕೃಪೆಯನ್ನು ಬೇಡುವ ಬಡವನೆಂದು ತನ್ನನ್ನು ಕರೆದುಕೊಂಡಿದ್ದಾನೆ. ಹೆಸರಿನ ಜೊತೆಗೆ ಬನ್ನಾ ಎಂಬ ಮಾತೂ ಇದೆ. ಬನ್ನಾ ಎಂದರೆ ಗೋಡೆ ಕಟ್ಟುವವನು, ನಮ್ಮ ಗಾರೆಕೆಲಸದವನು. ಬಾಗಿಲ ಮೇಲೆ ದೊಡ್ಡ ಅಕ್ಷರಗಳಲ್ಲಿ ದೊರೆಯ ಬಿರುದುಗಳಿವೆ. ಮಕ್ಕಾಕ್ಕೆ ಮುಖ ಮಾಡಿ ಬಾಗುವ ಪ್ರತಿಯೊಬ್ಬನೂ ಬಾಗುವ ಕಡೆಯಲ್ಲಿ ಗಾರೆಯವನ ಹೆಸರಿದೆ. ಬೇಲೂರು ಹಳೇಬೀಡುಗಳಲ್ಲಿ ಶಿಲ್ಪಿಗಳು ವಿಗ್ರಹದ ಪಾದದಡಿ ಹೆಸರು ಕೆತ್ತಿದ್ದು ನನಗೆ ನೆನಪಾಯಿತು.

ಕೊನೆಗೆ ತಲೆಯೆತ್ತಿ ಗುಮ್ಮಟ ನೋಡಿದೆ. ಒಳಮೈಯ ನೆಲ ಇಟ್ಟಿಗೆಯ ಹಳದಿ. ಅದರ ಮೇಲೆ ನಿಂಬೆಹಣ್ಣಿನ ಆಕಾರದ ಪದಕಗಳು, ಒಂದೊಂದರೊಳಗೂ ಹೂಬಳ್ಳಿ. ಬುಡದಲ್ಲಿ ಅವು ದೊಡ್ಡವು. ಮೇಲೇರಿದಂತೆ ಸುತ್ತುಸುತ್ತಿಗೂ ಕಿರಿದಾಗುತ್ತ, ಒತ್ತೊತ್ತಾಗುತ್ತ, ನಡುನೆತ್ತಿಯ ಬಿಸಿಲುಹೂವಿನಲ್ಲಿ ಲೀನವಾಗುತ್ತವೆ. ಪದಕಗಳು ಹೀಗೆ ಕ್ರಮವಾಗಿ ಕಿರಿದಾಗುವುದರಿಂದ ಗುಮ್ಮಟ ತಾನಿರುವುದಕ್ಕಿಂತ ಎತ್ತರವಾಗಿ ಕಾಣುತ್ತದೆ. ಕಿಟಕಿಗಳಿಗೆ ಒಳಗೊಂದು ಹೊರಗೊಂದು ಜಾಲರಿ. ಬಿಸಿಲು ಎರಡು ಬಳ್ಳಿಗಳ ನಡುವೆ ಸೋಸಿ ಬರುತ್ತದೆ. ಹೊತ್ತು ಸರಿದಂತೆ ಬೆಳಕಿನ ಚುಕ್ಕೆಗಳು ಗೋಡೆಯ ಮೇಲೆ ನಡೆಯುತ್ತವೆ.

ಈಗ ನನ್ನ ಪೂರ್ವಗ್ರಹದ ಕಥೆ. ನಾನು ಇಷ್ಟೆಲ್ಲ ಕಂಡು, ಮೂರ್ತಿಯಿಲ್ಲದೆಯೂ ಗೋಡೆ ಮಾತನಾಡುತ್ತದೆಂದು ಒಪ್ಪಿಕೊಂಡು, ಒಂದು ಬಗೆಯ ಹೆಮ್ಮೆಯಿಂದಲೇ ಏಳುತ್ತಿದ್ದೆ. ಅಲ್ಲಿಯ ಕಾವಲಿನವನೊಬ್ಬ ಬಂದು ನನ್ನ ತೋಳು ಹಿಡಿದು ಬಾಗಿಲ ಬಳಿಗೆ ಕರೆದೊಯ್ದ. ಹೊಸ್ತಿಲ ಮೇಲೆ ನಿಲ್ಲಿಸಿ ಮೇಲೆ ನೋಡೆಂದು ಕೈಮಾಡಿದ. ನೆತ್ತಿಯ ಬಿಸಿಲುಹೂವಿನಿಂದ ಒಂದು ಬೆಳಕಿನ ಪಟ್ಟಿ ಗುಮ್ಮಟದ ಇಳಿಜಾರಿನಲ್ಲಿ ಅಗಲವಾಗುತ್ತ ನಮ್ಮ ಕಡೆಗೆ ಇಳಿದಿತ್ತು. ಪದಕಗಳೆಲ್ಲ ಗರಿಯ ಕಣ್ಣುಗಳಾಗಿದ್ದವು. ನವಿಲು! ನಡುವಿನ ಹೂವು ಮೈ, ಬೆಳಕು ಬಾಲ. ಇಸ್ಫಹಾನಿಗೆ ಹೋದವರಿಗೆಲ್ಲ ಇದನ್ನು ತೋರಿಸುತ್ತಾರಂತೆ. ಎಷ್ಟು ಸಂತೋಷವಾಯಿತೆಂದರೆ ನಾನು ಗಟ್ಟಿಯಾಗಿ ನಕ್ಕುಬಿಟ್ಟೆ, ಕಾವಲಿನವನೂ ನಕ್ಕ. ಮರುಕ್ಷಣವೇ ನಾಚಿಕೆಯಾಯಿತು. ಗಂಟೆಗಟ್ಟಲೆ ಬಳ್ಳಿಯನ್ನು ಹಿಂಬಾಲಿಸಿದವನ ಕಣ್ಣು, ಒಂದು ಹಕ್ಕಿಯ ಆಕಾರ ಸಿಕ್ಕ ಕೂಡಲೇ ಎಲ್ಲವನ್ನೂ ಬಿಟ್ಟು ಅದಕ್ಕೆ ಹಾರಿತ್ತು.

ಆ ನವಿಲನ್ನು ಶಿಲ್ಪಿ ಬೇಕೆಂದೇ ಇಟ್ಟನೇ? ನಾನು ಆ ಚರ್ಚೆಗೆ ಹೋಗುವುದಿಲ್ಲ. ಮನುಷ್ಯರ ಹಕ್ಕಿಗಳ ಚಿತ್ರ ಬರೆಯಲು ಆ ಕಾಲದವರಿಗೆ ಬಾರದೆ ಇರಲಿಲ್ಲ. ಮೈದಾನ ದಾಟಿ ಆಲಿ ಕಾಪು ಅರಮನೆಯ ಮೇಲಂತಸ್ತಿಗೆ ಹೋದರೆ ಗೋಡೆಗಳ ಮೇಲೆ ಬಳುಕುವ ಯುವಕ ಯುವತಿಯರಿದ್ದಾರೆ. ಅರಮನೆಗೆ ಮೂರ್ತಿ, ಮಸೀದಿಗೆ ಬಳ್ಳಿ ಎಂದು ತಿಳಿದೇ ಬೇರ್ಪಡಿಸಿದ್ದಾರೆ. ಬೆಳಕಿನಿಂದ ಮೂಡಿ, ಹೊತ್ತು ತಿರುಗಿದಾಗ ಅಳಿದುಹೋಗುವ ನವಿಲಿಗೆ ಮಾತ್ರ ಯಾರೂ ಅಡ್ಡಿ ಹೇಳುವಂತಿಲ್ಲ.

ಸಂಜೆ ಹೊರಗೆ ಮೈದಾನದಲ್ಲಿ ಕುಳಿತೆ. ಹೊರಗಿನಿಂದ ನೋಡಿದರೆ ಗುಮ್ಮಟ ಬಾಗಿಲಿನ ನೇರಕ್ಕಿಲ್ಲ, ತುಸು ಬಲಕ್ಕೆ ಸರಿದಿದೆ. ಓಣಿಯಲ್ಲಿ ಮುಚ್ಚಿಟ್ಟ ರಹಸ್ಯ ಇಲ್ಲಿ ಹೀಗೆ ಹೊರಬಿದ್ದಿದೆ. ಷಾ ಮಸೀದಿಯ ಗುಮ್ಮಟದಂತೆ ಇದಕ್ಕೆ ಎರಡು ಕವಚಗಳಿಲ್ಲ, ಒಂದೇ ಕವಚ. ಆದ್ದರಿಂದ ಅಷ್ಟು ಎತ್ತರವೂ ಇಲ್ಲ, ಉಬ್ಬೂ ಇಲ್ಲ. ಬಣ್ಣವೂ ಬೇರೆ. ಸುತ್ತಲಿನ ಗುಮ್ಮಟಗಳೆಲ್ಲ ನೀಲಿಯಾಗಿರುವಾಗ ಇದರ ಮೈ ಮರಳಿನ ಹಾಗೆ, ಕೆನೆಯ ಹಾಗೆ ಇದೆ. ಅದರ ಮೇಲೆ ಬಿಳಿ, ಕಪ್ಪು, ನೀಲಿಯ ಹೆಬ್ಬಳ್ಳಿಗಳು. ಗುಟ್ಟು ಇರುವುದು ಮೆರುಗಿನಲ್ಲಿ. ಬಳ್ಳಿಗಳಿಗೆ ಮಾತ್ರ ಗಾಜುಮೆರುಗು ಹಚ್ಚಿದ್ದಾರೆ, ಹಿನ್ನೆಲೆಗೆ ಹಚ್ಚಿಲ್ಲ. ಬಿಸಿಲು ಬಿದ್ದಾಗ ಬಳ್ಳಿಯಷ್ಟೇ ಹೊಳೆಯುತ್ತದೆ; ಹಿನ್ನೆಲೆ ಬೆಳಕನ್ನು ಕುಡಿದು ಸುಮ್ಮನಿರುತ್ತದೆ. 1930ರ ದಶಕದಲ್ಲಿ ಇಲ್ಲಿಗೆ ಬಂದಿದ್ದ ರಾಬರ್ಟ್ ಬೈರನ್ ಎಂಬ ಆಂಗ್ಲ ಪ್ರವಾಸಿ ತನ್ನ ಗ್ರಂಥದಲ್ಲಿ ಇದನ್ನು ಬಹಳ ಸೂಕ್ಷ್ಮವಾಗಿ ಗುರುತಿಸಿದ್ದಾನೆ. ಮಧ್ಯಾಹ್ನ ಹಳದಿಯಾಗಿ ತೋರಿದ್ದ ಗುಮ್ಮಟ ಸಂಜೆಗೆ ನಸುಗೆಂಪಾಯಿತು.

ಮಾರನೆಯ ದಿನ ಊರ ಹೊಳೆಯನ್ನು ನೋಡಲು ಹೋದೆ. ಜಾಯಂದೆ ರೂದ್, ಜೀವ ಕೊಡುವ ನದಿ ಎಂದು ಅದರ ಹೆಸರು. ಷಾ ಅಬ್ಬಾಸನ ಕಾಲದ 33 ಕಮಾನಿನ ಸೇತುವೆ ಒಣಗಿ ಬಿರುಕುಬಿಟ್ಟ ಮಣ್ಣಿನ ಮೇಲೆ ನಿಂತಿತ್ತು. ಈ ಶತಮಾನದ ಆರಂಭದಿಂದ ಆ ನದಿ ವರ್ಷದ ಬಹುಕಾಲ ಹರಿಯುವುದಿಲ್ಲ. ಬರಗಾಲವೂ ಕಾರಣ, ಮೇಲ್ಗಡೆ ನೀರನ್ನು ಬೇರೆಡೆಗೆ ತಿರುಗಿಸಿದ್ದೂ ಕಾರಣ. ಹೊಳೆಯಿಲ್ಲದ ಊರು ನೆಲದಡಿಯ ನೀರನ್ನು ಎತ್ತುತ್ತದೆ. ನೀರು ಹೋದ ಕಡೆ ನೆಲ ಕುಸಿಯುತ್ತದೆ. ಇಸ್ಫಹಾನಿನ ನೆಲ ಹೀಗೆ ಕುಸಿಯುತ್ತಿದೆ, ಹಳೆಯ ಕಟ್ಟಡಗಳಿಗೆ ಇದರಿಂದ ಅಪಾಯವಿದೆ ಎಂದು ಅಲ್ಲಿಯ ತಜ್ಞರೇ ವರ್ಷವರ್ಷವೂ ಎಚ್ಚರಿಸುತ್ತಿದ್ದಾರೆ. ಬೀದರಿನ ಮದರಸಾಕ್ಕೆ ಬಂದದ್ದು ಒಂದು ದಿನದ ಸ್ಫೋಟ. ಇದು ಸದ್ದಿಲ್ಲದೆ ಬರುವಂಥದು. ಬಿರುಕು ಬಿಟ್ಟ ಬಿಲ್ಲೆಯನ್ನು ಮತ್ತೆ ಸುಡಬಲ್ಲ ಕೈಗಳು ಅಲ್ಲಿ ಇನ್ನೂ ಇವೆ. ನೆಲವನ್ನು ಎತ್ತಿ ಕೂರಿಸಬಲ್ಲ ಉಸ್ತಾದರು ಯಾರಿದ್ದಾರೆ?

ಊರಿಗೆ ಮರಳಿದ ಮೇಲೆ ನಮ್ಮ ಬೀದಿಯ ಉಸ್ತಾದರಿಗೆ ಫೋಟೋಗಳನ್ನು ಒಯ್ದು ತೋರಿಸಿದೆ. ಕನ್ನಡಕ ಹಾಕಿಕೊಂಡು ಒಂದೊಂದನ್ನೂ ಕಣ್ಣ ಹತ್ತಿರ ಹಿಡಿದು ನೋಡಿದರು. ನವಿಲಿನ ಫೋಟೋವನ್ನು ನಾನು ಮೇಲೆ ಇಟ್ಟಿದ್ದೆ. ಅದನ್ನು ಬೇಗ ಪಕ್ಕಕ್ಕಿಟ್ಟರು. ಹೊರಗುಮ್ಮಟದ ಚಿತ್ರ ಬಂದಾಗ ಮಾತ್ರ ಬಹಳ ಹೊತ್ತು ಕೈಯಲ್ಲೇ ಹಿಡಿದಿದ್ದರು. ಆಮೇಲೆ ಹೆಬ್ಬೆರಳಿನ ಉಗುರನ್ನು ಎರಡು ಬಳ್ಳಿಗಳ ನಡುವಿನ ಮಂಕು ಜಾಗದ ಮೇಲಿಟ್ಟು, “ಇಲ್ಲಿ ಮೆರುಗು ಹಚ್ಚಿಲ್ಲ, ಹೌದೇನ್ರಿ ಸರ?” ಎಂದು ಕೇಳಿದರು.